ಒಡ್ಡು ಕಡಿದವರು

ಕಡಿಯಬೇಕಾದ ಜಾಗವನ್ನು ನಾವು ದೋಣಿಯಲ್ಲಿ ಕೂತೇ ಗುರುತು ಮಾಡಿದೆವು. ದೋಣಿ ಅಘನಾಶಿನಿ ಹೊಳೆಯಲ್ಲಿತ್ತು. ಎದುರಿಗೆ ಮಣ್ಣಿನ ಒಡ್ಡು, ಒಡ್ಡಿನ ಆಚೆ ಮುಳುಗಿದ ಗಜನಿ. ಗಜನಿ ಅಂದರೆ ಹೊಳೆಯ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ. ಹೊಳೆ ಒಳಗೆ ನುಗ್ಗದಂತೆ ಅದಕ್ಕೆ ಒಡ್ಡು ಕಟ್ಟಿರುತ್ತಾರೆ. ನೀರು ಬಿಡುವುದಕ್ಕೆ ಒಡ್ಡಿನಲ್ಲಿ ಕಲ್ಲುಕಂಬಗಳ ನಡುವೆ ಹಲಗೆಯ ಬಾಗಿಲು ಇರುತ್ತದೆ. ಊರವರು ಅದಕ್ಕೆ ಜಂತ್ರಡಿ ಅನ್ನುತ್ತಾರೆ. ಆ ವಾರ ಘಟ್ಟದಿಂದ ಇಳಿದ ಮಳೆನೀರು ಗಜನಿಯೊಳಗೆ ತುಂಬಿತ್ತು. ಜಂತ್ರಡಿಗೆ ಮರದ ಬೊಡ್ಡೆ, ಕಸ ಸಿಕ್ಕಿಕೊಂಡು ಹಲಗೆಗಳು ಮೇಲೇಳುತ್ತಿರಲಿಲ್ಲ. ಒಳಅಂಚಿನ ಕೇರಿಯ ಮನೆಗಳಲ್ಲಿ ನೀರು ಸೊಂಟದವರೆಗೆ ಬಂದಿತ್ತು. ಹೆಚ್ಚಿನವರನ್ನು ಶಾಲೆಗೆ ಸಾಗಿಸಿದ್ದರು. ಹಾಸಿಗೆ ಹಿಡಿದವರು, ಅವರನ್ನು ಬಿಟ್ಟು ಬರಲೊಲ್ಲದವರು ಅಟ್ಟದ ಮೇಲೆ ಇದ್ದರು. ಇನ್ನಷ್ಟು ನೀರು ಏರಿದರೆ ಆ ಮಣ್ಣಿನ ಗೋಡೆಗಳು ನಿಲ್ಲುತ್ತಿರಲಿಲ್ಲ.

ನಮ್ಮದು ಸೈನ್ಯದ ಇಂಜಿನಿಯರ್ ತುಕಡಿ. ಪ್ರವಾಹದ ಕೆಲಸಕ್ಕೆ ಜಿಲ್ಲೆಯವರು ಕರೆಸಿಕೊಂಡಿದ್ದರು. ಮುಖ್ಯಸ್ಥ ಒಬ್ಬ ಯುವ ಕ್ಯಾಪ್ಟನ್, ಉತ್ತರದ ಕಡೆಯವರು. ಅವರ ಕೆಳಗೆ ಸುಬೇದಾರ್ ನಾನು. ಸುಬೇದಾರನನ್ನು ಸೈನ್ಯದಲ್ಲಿ ಮೇಲಧಿಕಾರಿಗಳೂ ‘ಸಾಬ್’ ಎಂದೇ ಕರೆಯುತ್ತಾರೆ. ನನ್ನ ಊರು ಶಿರಾಲಿ. ಹಾಗಾಗಿ ಜನರ ಹತ್ತಿರ ಮಾತಾಡುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು.

ಆದೇಶದಲ್ಲಿ ಗೊಂದಲವೇನೂ ಇರಲಿಲ್ಲ. ಸಮುದ್ರದ ಇಳಿತದ ಹೊತ್ತಿಗೆ ಹೊಳೆಯ ಮಟ್ಟ ಗಜನಿಯ ನೀರಿಗಿಂತ ಕೆಳಗಿಳಿಯುತ್ತದೆ. ಆಗ ಒಡ್ಡು ಕಡಿದರೆ ಒಳಗಿನ ನೀರು ಹೊಳೆಗೆ ಓಡುತ್ತದೆ; ಒಮ್ಮೆ ಗಜನಿ ಬರಿದಾದರೆ ಮುಂದಿನ ಭರತದಲ್ಲಿ, ಅಂದರೆ ಉಬ್ಬರದಲ್ಲಿ, ಬರುವ ನೀರು ಕೇರಿಯವರೆಗೆ ಏರುವುದಿಲ್ಲ. ಭರತ ಶುರುವಾದ ಮೇಲೆ ಕಡಿದರೆ ಹೊಳೆಯೇ ಒಳಗೆ ಬರುತ್ತದೆ. ನಮಗೆ ಇದ್ದದ್ದು ಆ ನಡುವಿನ ಹೊತ್ತು ಮಾತ್ರ. ಜೆಸಿಬಿ ಬರುವ ದಾರಿಯೆಲ್ಲ ನೀರಿನಡಿ ಇತ್ತು. ಗುದ್ದಲಿ, ಪಿಕಾಸಿ, ಹಾರೆಗಳಿಂದಲೇ ಕಡಿಯಬೇಕಿತ್ತು.

ಹೊರಡುವ ಮೊದಲು ಶಾಲೆಯಲ್ಲಿ ಕೇರಿಯವರನ್ನು ಕೇಳಿದೆ. ಒಡ್ಡಿನ ಮೇಲೆ ಯಾರೂ ಇಲ್ಲ ತಾನೆ? ಗಂಡಸರು ಇಲ್ಲ ಅಂದರು. ಮೂಲೆಯಲ್ಲಿ ಒದ್ದೆ ಸೀರೆ ಹಿಂಡುತ್ತಿದ್ದ ಒಬ್ಬ ಮುದುಕಿ ತಲೆ ಎತ್ತಿ ಹೇಳಿದಳು:

“ಜಂತ್ರಡಿ ಮೇಲೆ ಒಬ್ಬಂವ ಇರ್ತಿದ್ದ ತಮಾ. ಶೆಟ್ಲಿ ಗುತ್ತಿಗೆಯವ್ರ ಕಾವಲಿನವ. ತದಡಿ ಬದಿಯಂವ.”

“ಈಗ ಇದ್ನಾ ಅಮ್ಮಾ?”

“ಇದ್ನೋ, ಹೋದ್ನೋ. ನಂಗೆ ಎಂತ ಗೊತ್ತು? ಈ ಮಳ್ಯಾಗೆ ಯಾರ್ ಇರ್ತ್ರು?”

ಆ ಗಜನಿಯಲ್ಲಿ ಬತ್ತ ಬೆಳೆಯುವುದು ನಿಂತು, ಶೆಟ್ಲಿ, ಅಂದರೆ ಸಿಗಡಿ, ಸಾಕಲು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿದ್ದರು. ಜಂತ್ರಡಿಯ ಪಕ್ಕದಲ್ಲೇ ಕಾವಲಿನವನ ಗುಡಿಸಲು. ನಾನು ಇದನ್ನು ಕ್ಯಾಪ್ಟನ್ನರಿಗೆ ಹೇಳಿದೆ. ಅವರು ವೈರ್‌ಲೆಸ್ಸಿನಲ್ಲಿ ಮೇಲಕ್ಕೆ ಕೇಳಿದರು. ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಒಡ್ಡಿನ ಮೇಲೆ ಜಿಲ್ಲೆಯವರು ಹಿಂದಿನ ದಿನವೇ ಹೋಗಿ ಕೂಗಿ ನೋಡಿದ್ದಾರೆ, ಯಾರೂ ಇಲ್ಲ, ಜಾಗ ಖಾಲಿ, ಕೆಲಸ ಮುಂದುವರಿಸಿ. ಹೇಳಿದವರು ಸುಳ್ಳು ಹೇಳಿರಲಿಲ್ಲ. ಅವರು ಹೋಗಿದ್ದರು, ಕೂಗಿದ್ದರು, ಯಾರೂ ಬಂದಿರಲಿಲ್ಲ.

ನಾವು ದೋಣಿ ಕಟ್ಟಿದ ಜಾಗದಿಂದ ಗುಡಿಸಲು ಒಂದು ಕೂಗಳತೆಯಲ್ಲಿತ್ತು. ಮಳೆಯ ಪರದೆಯ ಹಿಂದೆ ನೀಲಿ ತಾಡಪಾಲಿನ ಮಾಡು ಕಾಣುತ್ತಿತ್ತು. ನಡುವೆ ಒಡ್ಡು ಒಂದು ಕಡೆ ಕುಸಿದು, ಮೊಣಕಾಲುದ್ದ ನೀರು ಅದರ ಮೇಲೆ ಹರಿಯುತ್ತಿತ್ತು. ದಾಟಬಹುದಿತ್ತು. ಹಗ್ಗ ಕಟ್ಟಿಕೊಂಡು, ಒಬ್ಬೊಬ್ಬರಾಗಿ, ನಿಧಾನವಾಗಿ. ಹೋಗಿ ಬರುವುದರಲ್ಲಿ ಇಳಿತದ ಒಳ್ಳೆಯ ಭಾಗ ಕಳೆದುಹೋಗುತ್ತಿತ್ತು. ನಿಯಮದ ಪ್ರಕಾರ ನಾನು ಮೂರು ಸಲ ಸೀಟಿ ಊದಿ, ಕನ್ನಡದಲ್ಲೂ ಕೊಂಕಣಿಯಲ್ಲೂ ಕೂಗಿದೆ. ಉತ್ತರ ಬರಲಿಲ್ಲ. ಕ್ಯಾಪ್ಟನ್ ನನ್ನ ಮುಖ ನೋಡಿದರು. ನಾನು ಆಗಬಹುದೆಂದು ತಲೆಯಾಡಿಸಿದೆ. ಅವರು “ಶುರು ಮಾಡಿ ಸಾಬ್” ಅಂದರು. ಪದ್ಧತಿಯಂತೆ ಮೊದಲ ಗುದ್ದಲಿ ನಾನೇ ಹಾಕಿದೆ.

ಹೊಳೆಯ ಕಡೆಗೆ ಒಡ್ಡಿಗೆ ಚಿರೆಕಲ್ಲಿನ ಮುಖ ಇತ್ತು. ಹಾರೆ ಹಾಕಿ ಕಲ್ಲುಗಳನ್ನು ಒಂದೊಂದೇ ಕಿತ್ತೆವು. ಒಳಗೆ ಜೇಡಿಮಣ್ಣು, ಗುದ್ದಲಿಗೆ ಅಂಟಿಕೊಳ್ಳುವಂಥದ್ದು. ಪ್ರತಿ ಏಟಿಗೂ ಗುದ್ದಲಿ ಕೆರೆದು ಸ್ವಚ್ಛ ಮಾಡಬೇಕಿತ್ತು. ಎಲ್ಲರ ಸೊಂಟಕ್ಕೂ ಹಗ್ಗ, ಹಗ್ಗದ ತುದಿ ಒಡ್ಡಿನಲ್ಲಿ ಬಡಿದ ಗೂಟಕ್ಕೆ. ಹೊಳೆಯ ಬದಿಯಿಂದ ಒಳಕ್ಕೆ ಕಡಿಯುತ್ತ ಹೋಗಿ, ಕೊನೆಗೆ ಗಜನಿಯ ಬದಿಯಲ್ಲಿ ಒಂದು ತೆಳು ಗೋಡೆ ಉಳಿಸಿ ಎಲ್ಲರನ್ನೂ ಹಿಂದಕ್ಕೆ ಕರೆದೆವು. ಆ ಗೋಡೆಯನ್ನು ಉದ್ದ ಹಾರೆಯಿಂದ ಚುಚ್ಚಿದ್ದೂ ನಾನೇ. ಮೊದಲು ಒಂದು ಎಳೆ ನೀರು ಬಂತು. ಆಮೇಲೆ ಗೋಡೆಯೇ ಇರಲಿಲ್ಲ.

ನೀರು ತನ್ನ ದಾರಿಯನ್ನು ತಾನೇ ಅಗಲ ಮಾಡಿಕೊಳ್ಳುತ್ತದೆ ಎಂಬುದು ನಮಗೆ ಗೊತ್ತಿತ್ತು. ಜಂತ್ರಡಿಯ ಹತ್ತಿರ ಒಡ್ಡಿನ ಎರಡೂ ಬದಿಗೆ ಕಲ್ಲು ಕಟ್ಟಿದ್ದರು, ಅಲ್ಲಿಗೆ ಕೊರೆತ ನಿಲ್ಲುತ್ತದೆ ಅಂತ ನಮ್ಮ ಲೆಕ್ಕ. ಆ ಕಲ್ಲಿನ ಹಿಂದೆ ಹಳೆಯ ಬಿರುಕೊಂದನ್ನು ಮರಳು ಚೀಲದಿಂದ ಮುಚ್ಚಿದ್ದರು ಎಂಬುದು ನಮಗೆ ತಿಳಿದದ್ದು ಆಮೇಲೆ. ಕೊರೆತ ಕಲ್ಲಿನವರೆಗೆ ಹೋಯಿತು, ಕ್ಷಣ ನಿಂತಂತೆ ಕಂಡಿತು, ಆಮೇಲೆ ಕಲ್ಲುಗಳು ಒಟ್ಟಿಗೆ ಜಾರಿದವು. ನೀಲಿ ಮಾಡು ಓರೆಯಾಯಿತು. ಆಗ ಕೂಗು ಕೇಳಿಸಿತು.

ಕಾವಲಿನವನು ಜಂತ್ರಡಿಯ ಕಲ್ಲುಕಂಬಕ್ಕೂ ಜಾರಿಬಂದ ಕಲ್ಲುಗಳಿಗೂ ನಡುವೆ ಸಿಕ್ಕಿಕೊಂಡಿದ್ದ. ನೀರು ಎದೆಯವರೆಗೆ. ನಮ್ಮ ತುಕಡಿಯ ಹವಾಲ್ದಾರ್ ಮತ್ತು ನಾನು ದೋಣಿಯಲ್ಲಿ ಹೊಳೆಯ ಕಡೆಯಿಂದ ಸುತ್ತಿ ಹೋದೆವು. ನಾವೇ ಬಿಟ್ಟ ನೀರಿನ ಸೆಳೆತ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದನ್ನು ನಿಲ್ಲಿಸುವ ಆದೇಶ ಕೊಡುವುದು ಈಗ ಯಾರಿಂದಲೂ ಆಗುತ್ತಿರಲಿಲ್ಲ. ಕಂಬಕ್ಕೆ ಹಗ್ಗ ಹಾಕಿ ದೋಣಿ ಎಳೆದುಕೊಂಡೆವು. ಹವಾಲ್ದಾರ್ ಅವನ ಕಂಕುಳಿಗೆ ಕೈ ಕೊಟ್ಟು ಮುಖ ನೀರಿನ ಮೇಲೆ ಹಿಡಿದರು. ನಾನು ಹಾರೆಯಿಂದ ಕಲ್ಲು ಮೀಟಿದೆ. ಎರಡು ಸಲ ಹಾರೆ ಜಾರಿತು. ಮೂರನೆಯ ಸಲ ಕಲ್ಲು ಅಲ್ಲಾಡಿತು. ಅವನ ಬಲಗಾಲು ಮೊಣಕಾಲಿನ ಕೆಳಗೆ ಕಾಲಿನಂತೆ ಉಳಿದಿರಲಿಲ್ಲ. ಬಿಗಿಯಾಗಿ ಪಟ್ಟಿ ಕಟ್ಟಿ ರಸ್ತೆಯವರೆಗೆ ದೋಣಿಯಲ್ಲಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕುಮಟಾಕ್ಕೆ ಕಳಿಸಿದೆವು. ಕುಮಟಾದಿಂದ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ದರು ಅಂತ ಸುದ್ದಿ ಬಂತು. ಮರುದಿನ ಕಾಲು ತೆಗೆದರು ಅಂತಲೂ ಬಂತು.

ಸಂಜೆಯ ಹೊತ್ತಿಗೆ ಕೇರಿಯ ನೀರು ಮೆಟ್ಟಿಲ ಕೆಳಗೆ ಇಳಿದಿತ್ತು. ಅಟ್ಟದ ಮೇಲಿದ್ದವರೆಲ್ಲ ಜೀವಂತವಾಗಿ ಇಳಿದರು. ಶಾಲೆಯಲ್ಲಿ ಜನ ನಮಗೆ ಚಾ ಮಾಡಿಕೊಟ್ಟರು, ಕೈ ಮುಗಿದರು. ಕೆಲಸ ಆಗಿತ್ತು. ಚಾ ಕುಡಿಯುವಾಗ ಹವಾಲ್ದಾರ್ ನನ್ನ ಪಕ್ಕ ಬಂದು ಕೂತರು. ಬಹಳ ಮಾತಿನವರಲ್ಲ.

“ಸಾಬ್, ಮೇಲಿನವರು ಕ್ಯಾಪ್ಟನ್ ಸಾಬಿಗೆ ಹೇಳಿದರು, ಅವರು ನಿಮಗೆ ಹೇಳಿದರು, ನೀವು ನಮಗೆ. ಕಡಿದವರು ನಾವು. ಇದರಲ್ಲಿ ನಮ್ಮದು ಎಷ್ಟು?”

“ನಿಮ್ಮದು ಏನೂ ಇಲ್ಲ. ಮುದುಕಿ ಹೇಳಿದ್ದು ನಿಮಗೆ ಗೊತ್ತಿರಲಿಲ್ಲ. ಬಗ್ಗಿ ಕಡಿಯುವವರಿಗೆ ಆ ಗುಡಿಸಲೂ ಕಾಣುತ್ತಿರಲಿಲ್ಲ.”

“ಕಾಣುತ್ತಿತ್ತು ಸಾಬ್” ಅಂದರು ಅವರು.

ಗುದ್ದಲಿಗಳನ್ನು ತೊಳೆಯಲು ಎದ್ದು ಹೋದರು.

ಮಳೆ ನಿಲ್ಲಲಿಲ್ಲ. ಒಂದು ದಿನ ಬಿಟ್ಟು ಹೊಳೆಯ ಇನ್ನೂ ಮೇಲಿನ ಭಾಗದಲ್ಲಿ ಮತ್ತೊಂದು ಒಡ್ಡು ಕಡಿಯುವ ಆದೇಶ ಬಂತು. ಅದೇ ಸ್ಥಿತಿ: ಜಂತ್ರಡಿ ಕಟ್ಟಿಕೊಂಡಿದೆ, ಒಳಗಿನ ಮನೆಗಳಿಗೆ ನೀರು ನುಗ್ಗಿದೆ, ಒಡ್ಡಿನ ಮೇಲೆ ಯಾರೂ ಇಲ್ಲವೆಂದು ಖಾತ್ರಿಯಾಗಿದೆ. ಈ ಸಲ ಕೇರಿಯವರೇ ನಮ್ಮ ಜೊತೆ ನಿಂತು, ಯಾರೂ ಇಲ್ಲ, ಬೇಗ ಕಡೀರಿ ಅನ್ನುತ್ತಿದ್ದರು. ಈ ಒಡ್ಡು ಉದ್ದವಾಗಿತ್ತು. ನಡುನಡುವೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು ದಟ್ಟವಾಗಿ ಆಚೆಯದು ಕಾಣುತ್ತಿರಲಿಲ್ಲ.

ನಾನು ಕ್ಯಾಪ್ಟನ್ನರಿಗೆ ಹೇಳಿದೆ: “ಸರ್, ತುದಿಯಿಂದ ತುದಿಗೆ ನಡೆದು ನೋಡಿ ಬರುತ್ತೇನೆ. ಆಮೇಲೆ ಕಡಿಯೋಣ.”

“ಇಳಿತ ಈಗಾಗಲೇ ಅರ್ಧ ಆಗಿದೆ ಸಾಬ್.”

“ಗೊತ್ತು ಸರ್.”

“ಇದು ನನ್ನ ಆದೇಶ ಅಂದರೆ?”

“ಆದೇಶ ಪಾಲಿಸುತ್ತೇನೆ ಸರ್. ನೋಡಿ ಬಂದ ಮೇಲೆ.”

ಸೈನ್ಯದಲ್ಲಿ ಇಂಥ ಮಾತಿಗೆ ಬೇರೆ ಹೆಸರಿದೆ. ಕ್ಯಾಪ್ಟನ್ನರಿಗೆ ಅದು ಗೊತ್ತಿತ್ತು, ನನಗೂ. ಅವರು ಹೊಳೆಯ ಕಡೆ ತಿರುಗಿ ನಿಂತರು. ಹೋಗಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನು ಹವಾಲ್ದಾರರನ್ನು ಕರೆದುಕೊಂಡು ಹೊರಟೆ.

ಕೆಸರು, ಮುಳ್ಳು, ಎರಡು ಕಡೆ ಕುಸಿತ. ಪ್ರತಿ ಪೊದೆಯ ಹಿಂದೆಯೂ ನೋಡಿದೆವು. ತುದಿಯಲ್ಲಿ ಬಲೆ ಇಡುವ ಒಂದು ಚಪ್ಪರ ಇತ್ತು, ಒಳಗೆ ಹೋಗಿ ಕೈಯಿಂದ ತಡಕಿದೆವು. ಯಾರೂ ಇರಲಿಲ್ಲ. ಒಂದು ನಾಯಿಯೂ ಇರಲಿಲ್ಲ. ಮರಳಿ ಬರುವಷ್ಟರಲ್ಲಿ ನೀರಿನ ಮೇಲೆ ತೇಲುತ್ತಿದ್ದ ಕಸ ದಿಕ್ಕು ಬದಲಿಸಿ ಮೇಲ್ಮುಖವಾಗಿ ಹೋಗುತ್ತಿತ್ತು. ಭರತ ಶುರುವಾಗಿತ್ತು. ಆ ಇಳಿತ ನಮ್ಮ ಕೈತಪ್ಪಿತು.

ಮುಂದಿನ ಇಳಿತದವರೆಗೆ ಕಾಯಬೇಕಾಯಿತು. ಆ ನಡುವೆ ಕೇರಿಯಲ್ಲಿ ಒಂದು ಮನೆಯ ಹಿಂಗೋಡೆ ಬಿತ್ತು. ಮನೆಯವರು ಹೊರಗಿದ್ದರು. ಕೊಟ್ಟಿಗೆಯ ಎರಡು ಎಮ್ಮೆಗಳು ಗೋಡೆಯ ಅಡಿ ಸತ್ತವು. ಎಮ್ಮೆಗಳನ್ನು ಬಿಡಿಸಲು ಹೋದ ಮನೆಯಾಕೆಯ ಕೈ ಮುರಿಯಿತು. ನಾವು ಕಡಿದು ನೀರು ಇಳಿಸಿದ ಮೇಲೆ ಅವಳ ಗಂಡ ನನ್ನ ಎದುರಿಗೆ ಬಂದು ನಿಂತ.

“ಯಾರೂ ಇಲ್ಲ ಅಂತ ನಾವು ಬಾಯಿ ಬಡ್ಕಂಡ್ರೂ ನಂಬೂಕೆ ಆಗ್ಲಿಲ್ಲ ಅಲ್ಲ ನಿಮ್ಗೆ? ಎಂತ ಸಿಕ್ತು ಅಲ್ಲಿ ಹುಡ್ಕಿ?”

“ಏನೂ ಸಿಗಲಿಲ್ಲ” ಅಂದೆ.

“ಆತು. ಹಂಗಾರೆ ಇದು ಯಾರ ತಲೆ ಮೇಲೆ?”

“ನನ್ನ ತಲೆ ಮೇಲೆ.”

ಜಗಳಕ್ಕೆ ಬಂದವನಿಗೆ ಎದುರಾಳಿ ಸಿಗದಿದ್ದರೆ ಆಗುವ ಬೇಸರ ಅವನ ಮುಖದಲ್ಲಿತ್ತು. ಮೊದಲ ಒಡ್ಡಿನಲ್ಲಿ ನೋಡದೆ ಕಡಿದು ಒಬ್ಬನ ಕಾಲು ಹೋಯಿತು. ಎರಡನೆಯದರಲ್ಲಿ ನೋಡಲು ಹೋಗಿ ಒಬ್ಬಳ ಕೈ ಮುರಿಯಿತು. ಮತ್ತೊಮ್ಮೆ ಅಂಥ ಜಾಗದಲ್ಲಿ ನಿಂತರೆ ನೋಡಿಯೇ ಕಡಿಯುತ್ತೇನೆ. ಆದರೆ ಹಾಗೆ ನೋಡುವುದಕ್ಕೆ ಬೆಲೆ ಇಲ್ಲ ಅಂತ ಯಾರಿಗೂ ಹೇಳಲಾರೆ. ಅದನ್ನು ತೆತ್ತವಳು ಆ ಹೆಂಗಸು, ನಾನಲ್ಲ.

ಪ್ರವಾಹ ಇಳಿದು ನಾವು ಸೈನ್ಯದ ನೆಲೆಗೆ ಮರಳಿದ ಮೇಲೆ ವಿಚಾರಣೆ ನಡೆಯಿತು. ನಾಗರಿಕನೊಬ್ಬನಿಗೆ ಗಾಯವಾದರೆ ನಡೆಯಲೇಬೇಕಾದದ್ದು. ಮೂವರು ಅಧಿಕಾರಿಗಳು ಮೇಜಿನ ಆಚೆ, ನಾನು ಈಚೆ. ಅಧ್ಯಕ್ಷರಾಗಿದ್ದ ಕರ್ನಲ್ ಒಳ್ಳೆಯ ಮನುಷ್ಯರು. ಪ್ರಶ್ನೆಗಳನ್ನು ಅವರು ಕೇಳುವ ರೀತಿಯಲ್ಲೇ ಉತ್ತರಗಳೂ ಇರುತ್ತಿದ್ದವು. ಆದೇಶ ಸ್ಪಷ್ಟವಿತ್ತೇ? ಇತ್ತು. ಜಾಗ ಖಾಲಿ ಎಂದು ತಿಳಿಸಿದ್ದರೇ? ತಿಳಿಸಿದ್ದರು. ನಂಬದಿರಲು ಕಾರಣ ಇತ್ತೇ? ಹೇಳಿದವರನ್ನು ನಂಬದಿರಲು ಕಾರಣ ಇರಲಿಲ್ಲ. ಎಚ್ಚರಿಕೆ ಕೊಟ್ಟಿರಾ? ಕೊಟ್ಟೆ. ಎಲ್ಲವೂ ನಿಜ. ಇನ್ನೇನಾದರೂ ಹೇಳುವುದಿದೆಯೇ ಅಂತ ಕೊನೆಗೆ ಕೇಳುತ್ತಾರೆ. ಸಾಮಾನ್ಯವಾಗಿ ಯಾರೂ ಏನೂ ಹೇಳುವುದಿಲ್ಲ.

“ಗುಡಿಸಲು ನನಗೆ ಕಾಣುತ್ತಿತ್ತು ಸರ್. ಹೋಗಿ ನೋಡಬಹುದಿತ್ತು. ಹೋಗಲಿಲ್ಲ.”

ಕರ್ನಲ್ ಪೆನ್ನು ಕೆಳಗಿಟ್ಟರು. “ಆದೇಶ ತಪ್ಪಾಗಿತ್ತು ಅನ್ನುತ್ತೀರಾ ಸಾಬ್?”

“ಇಲ್ಲ ಸರ್. ಕಡಿಯದಿದ್ದರೆ ಅಟ್ಟದ ಮೇಲಿನವರು ಉಳಿಯುತ್ತಿರಲಿಲ್ಲ.”

“ನಿಮ್ಮ ಕ್ಯಾಪ್ಟನ್ ತಪ್ಪು ಮಾಡಿದರು ಅನ್ನುತ್ತೀರಾ?”

“ಅವರ ಮಾತು ಅವರು ಹೇಳುತ್ತಾರೆ ಸರ್.”

“ಮತ್ತೆ ನೀವು ಹೇಳುತ್ತಿರುವುದು ಏನು?”

“ಆದೇಶ ಕಳಿಸಿದವರಿಗೆ ಆ ಗುಡಿಸಲು ಕಾಣುವುದು ಸಾಧ್ಯವಿರಲಿಲ್ಲ. ಅದರ ಎದುರು ನಿಂತಿದ್ದವನು ನಾನು. ಅಷ್ಟು ಬರೆದುಕೊಂಡರೆ ಸಾಕು.”

ಬರೆದುಕೊಂಡರು. ಯಾರ ಮೇಲೂ ದೋಷ ಇಲ್ಲವೆಂದು ತೀರ್ಮಾನವಾಯಿತು. ಅದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಸದ್ಭಾವನೆಯಿಂದ ಆದೇಶ ಪಾಲಿಸಿದವನನ್ನು ಶಿಕ್ಷಿಸಿದರೆ ಮುಂದಿನ ಪ್ರವಾಹದಲ್ಲಿ ಯಾರೂ ಗುದ್ದಲಿ ಎತ್ತುವುದಿಲ್ಲ. ಆದರೆ ಶಿಕ್ಷೆಗೆ ಅರ್ಹನಲ್ಲ ಅಂದರೆ ಅವನು ಮಾಡಿಲ್ಲ ಅಂತಲ್ಲ. ಈ ಎರಡನ್ನು ಬೇರೆ ಬೇರೆ ಇಡುವ ಜಾಗ ವಿಚಾರಣೆಯ ಕೋಣೆಯಲ್ಲಿ ಇರಲಿಲ್ಲ.

ಹೊರಗೆ ಕ್ಯಾಪ್ಟನ್ ಕಾಯುತ್ತಿದ್ದರು. “ನನ್ನನ್ನು ಉಳಿಸಲು ಎಲ್ಲ ನಿಮ್ಮ ಮೇಲೆ ಹಾಕಿಕೊಂಡಿರಾ ಸಾಬ್?”

“ಇಲ್ಲ ಸರ್. ನಾನು ಹೇಳಿದ್ದು ನನ್ನ ಪಾಲು ಮಾತ್ರ. ನಿಮ್ಮದು ನಿಮ್ಮ ಹತ್ತಿರವೇ ಇದೆ.”

“ಅದೂ ಒಂದು ರೀತಿಯಲ್ಲಿ ಸಮಾಧಾನ” ಅಂದರು ಅವರು.

ಮಳೆಗಾಲ ಮುಗಿದ ಮೇಲೆ ರಜೆ ಸಿಕ್ಕಿತು. ಶಿರಾಲಿಯಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಬಸ್ಸು, ಅಲ್ಲಿಂದ ಅಘನಾಶಿನಿ ಊರು, ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಕಾಲು ಹೋದ ಕಾವಲಿನವನ ಮನೆ ಬಂದರಿನಿಂದ ಸ್ವಲ್ಪ ಒಳಗೆ. ಸಮವಸ್ತ್ರದಲ್ಲಿ ಹೋಗಲಿಲ್ಲ. ಅವನು ಅಂಗಳದಲ್ಲಿ ಒಂದು ಮಣೆಯ ಮೇಲೆ ಕೂತು ಬಲೆಗೆ ಹೊಲಿಗೆ ಹಾಕುತ್ತಿದ್ದ. ಪಕ್ಕದಲ್ಲಿ ಊರುಗೋಲು. ನನ್ನ ವಯಸ್ಸಿನವನೇ. ಯಾರು ಅಂತ ಹೇಳಿದೆ. ಅವನು ಬಲೆಯಿಂದ ಕೈ ತೆಗೆಯಲಿಲ್ಲ.

“ಕಲ್ಲು ಮೀಟಿದ್ದು ನೀವೆಯಾ?”

“ಹೌದು. ಒಡ್ಡು ಕಡಿಯಲು ಶುರು ಮಾಡಿದ್ದೂ ನಾನೇ.”

ಆಗ ಅವನು ತಲೆ ಎತ್ತಿ ನೋಡಿದ.

“ಎಲ್ರೂ ಸರ್ಕಾರ ಕಡ್ಸಿದ್ದು, ಮಿಲಿಟ್ರಿ ಕಡ್ದದ್ದು ಅಂತ್ರು. ಅದ್ಕೆ ಮುಖ ಎಲ್ಲದೆ? ರಾತ್ರಿ ನೋವು ಬಂದ್ರೆ ಯಾರನ್ನ ನೆನ್ಸ್ಕಂಡು ಬೈಯೂದು ಅಂತ್ಲೂ ಗೊತ್ತಾಗ್ತಿರ್ಲಿಲ್ಲ.”

“ಈಗ ಗೊತ್ತಾಯಿತಲ್ಲ” ಅಂದೆ.

“ಗೊತ್ತಾತು.”

ನಾನು ಕೇಳಬೇಕೆಂದಿದ್ದನ್ನು ಕೇಳಿದೆ. ಸೀಟಿ ಕೇಳಿಸಿತ್ತಾ?

“ಕೇಳ್ಸಿತ್ತು. ಹಿಂದಿನ ದಿನ ಕೂಗಿದ್ದೂ ಕೇಳ್ಸಿತ್ತು. ಗುತ್ತಿಗೆಯವ್ರು ಹೇಳಿದ್ರು, ಯಾರ್ ಕರದ್ರೂ ಹೊರಗ್ ಬರ್ಬೇಡ, ಹಲಗೆ ಬಿಟ್ಟು ಕದಲ್ಬೇಡ, ಊರವ್ರು ಜಂತ್ರಡಿ ಒಡ್ದು ಶೆಟ್ಲಿ ಬಿಟ್ಕಂಡು ಹೋಗ್ತ್ರು ಅಂತ. ಅವ್ರ ಅನ್ನ ತಿಂದಂವ ನಾನು. ಬಾಗ್ಲು ಎಳ್ಕಂಡು ಕೂತೆ.” ಅವನು ದಾರ ಹಲ್ಲಿನಿಂದ ಕತ್ತರಿಸಿದ. “ನಿಮ್ಗೆ ಮೇಲಿನವ್ರು ಬೈದ್ರಾ?”

“ಇಲ್ಲ.”

“ನಂಗೆ ಬೈದ್ರು. ಹಲಗೆ ಉಳ್ಸ್ಲಿಲ್ಲ ಅಂತ.”

ಅವನು ನಕ್ಕ. ನಾನು ನಗಲಿಲ್ಲ. ಆಮೇಲೆ ಅವನು ಊರುಗೋಲು ಹಿಡಿದು ಎದ್ದ. “ನಾನು ಬೈಯೂಕೆ ಹೋಗೂದಿಲ್ಲ. ಹೇಳಿದ್ದು ಕೇಳ್ಕಂಡು ಕೂತಂವ ನಾನೂ. ಆದ್ರೆ ಮನ್ಯಾಕೆ ಹಂಗಲ್ಲ. ಅವ್ಳು ಯಾರ ಮಾತೂ ಕೇಳಿ ಒಡ್ಡಿಗೆ ಬಂದವಳಲ್ಲ. ಮೀನು ಮಾರೂಕೆ ಹೋಗಿದ್ಲು, ಈಗ ಬತ್ಲು. ಹೋಗೂದಾದ್ರೆ ಹೋಗಿ, ನಿಲ್ಲೂದಾದ್ರೆ ನಿಲ್ಲಿ.”

ಸಂಜೆಯ ದೋಣಿ ಹೊರಡುವ ಹೊತ್ತು ಹತ್ತಿರ ಬರುತ್ತಿತ್ತು. ನಾನು ಜಗಲಿಯ ಅಂಚಿನಲ್ಲಿ ಕೂತೆ.

ಅವಳು ಖಾಲಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಬಂದಳು. ಗಂಡ “ಇವ್ರೇ, ಕಡ್ದವ್ರು” ಅಂದ. ನಾನು ಎದ್ದು ನಿಂತೆ. ಅವಳು ಬುಟ್ಟಿ ಕವುಚಿಟ್ಟು, ಕೈಕಾಲು ತೊಳೆದು, ಒಳಗೆ ಹೋಗಿ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟಳು.

“ಮನೆಗೆ ಬಂದವ್ರಿಗೆ ನೀರು ಕೊಡ್ಬೇಕು, ಕೊಟ್ಟೆ” ಅಂದಳು. “ಊಟಕ್ಕೆ ನಿಲ್ಲಿ ಅಂತ ನಾ ಹೇಳೂದಿಲ್ಲ.”

“ಹೇಳಬೇಡಿ” ಅಂದೆ.

ಲೋಟ ಎತ್ತಿ, ನಿಂತುಕೊಂಡೇ, ಪೂರ್ತಿ ಕುಡಿದೆ. ಅವಳು ನಾನು ಕುಡಿದು ಮುಗಿಸುವವರೆಗೂ ಅಲ್ಲೇ ನಿಂತು ನೋಡುತ್ತಿದ್ದಳು.